ಸಕ್ಕರೆ ಕಾಯಿಲೆ ಇರುವವರ ನಡುರಾತ್ರಿಯ ಎಚ್ಚರ: ನಿದ್ದೆ ಮಾತ್ರೆಗೆ ಮೊದಲು ಏನನ್ನು ನೋಡಬೇಕು?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ 68 ವರ್ಷ. ಸಕ್ಕರೆ ಕಾಯಿಲೆ ಬಂದು 15 ವರ್ಷದ ಮೇಲಾಯಿತು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ ಮಾತ್ರೆಯನ್ನು ಬೆಳಿಗ್ಗೆಯೂ ರಾತ್ರಿಯೂ ತೆಗೆದುಕೊಳ್ಳುತ್ತಾರೆ, ಜೊತೆಗೆ ರಕ್ತದೊತ್ತಡಕ್ಕೆ ಒಂದು ಮಾತ್ರೆ ಇದೆ. ಕೆಲವು ತಿಂಗಳುಗಳಿಂದ ಅವರಿಗೆ ರಾತ್ರಿ ನೆಟ್ಟಗೆ ನಿದ್ದೆಯೇ ಇಲ್ಲ. ಮೂತ್ರಕ್ಕೆಂದು ಮತ್ತೆ ಮತ್ತೆ ಏಳುತ್ತಾರೆ. ಅದಲ್ಲದೆ ಕೆಲವು ರಾತ್ರಿ ಮೂರು ಗಂಟೆಯ ಹೊತ್ತಿಗೆ ಮೈಯೆಲ್ಲ ಬೆವೆತು, ಎದೆ ಹೊಡೆದುಕೊಂಡು, ಕೆಟ್ಟ ಕನಸು ಬಿದ್ದವರಂತೆ ಎದ್ದು ಕೂರುತ್ತಾರೆ. ಬೆಳಿಗ್ಗೆ ತಲೆ ಭಾರ ಎನ್ನುತ್ತಾರೆ, ಮಧ್ಯಾಹ್ನ ಪತ್ರಿಕೆ ಹಿಡಿದಲ್ಲೇ ತೂಕಡಿಸುತ್ತಾರೆ. ಇಷ್ಟೆಲ್ಲ ಆದರೂ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 170, 180 ಬರುತ್ತಿದೆ.

ಅತ್ತೆಯವರು ಇದು ವಯಸ್ಸಿನ ಗುಣ ಎನ್ನುತ್ತಾರೆ. ಮನೆಯವರು ಔಷಧಿ ಅಂಗಡಿಯಲ್ಲಿ ಕೇಳಿ ನಿದ್ದೆ ಮಾತ್ರೆ ತರುತ್ತೇನೆ ಎಂದು ಹೊರಟಿದ್ದಾರೆ. ವೈದ್ಯರ ಬಳಿ ಹೋದಾಗ ರಕ್ತದ ವರದಿ ನೋಡುವಷ್ಟರಲ್ಲಿ ನಮ್ಮ ಸರದಿ ಮುಗಿದಿರುತ್ತದೆ. ನಿದ್ದೆಯ ವಿಷಯವನ್ನು ಅವರು ಕೇಳುವುದಿಲ್ಲ, ಮಾವನವರು ಹೇಳುವುದಿಲ್ಲ. ಇದನ್ನು ಎಲ್ಲಿಂದ ವಿಚಾರಿಸಲು ತೊಡಗಬೇಕೆಂದು ತಿಳಿದವರು ದಯವಿಟ್ಟು ತಿಳಿಸಿ.

ಹಳೆಬೇರು (ಹಾಸನ)

ತಾಯಿ, ನನಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇಲ್ಲ, ಆದರೂ ಮೂರು ಗಂಟೆಗೆ ಎಚ್ಚರವಾಗುತ್ತದೆ. ವಯಸ್ಸಾದಂತೆ ನಿದ್ದೆ ತೆಳುವಾಗುವುದು ಸಹಜ. ಎಲ್ಲದಕ್ಕೂ ಕಾಯಿಲೆಯ ಹೆಸರು ಇಡುವುದರಿಂದ ಮುದುಕರಿಗೆ ಇನ್ನಷ್ಟು ಭಯವಾಗುತ್ತದೆ.

ವಾರ್ಡ್ ಸಿಸ್ಟರ್ (ದಾವಣಗೆರೆ)

ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ವಯಸ್ಸಾದವರ ನಿದ್ದೆ ತೆಳುವಾಗುತ್ತದೆ, ಆದರೆ ವಯಸ್ಸು ಬಟ್ಟೆ ನೆನೆಯುವಂತೆ ಬೆವರಿಸುವುದಿಲ್ಲ. ಅನೇಕ ವರ್ಷ ಮೆಡಿಸಿನ್ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ತುಂಗಾತೀರ ಅವರ ಮನೆಯಲ್ಲಿ ನಡೆಯುತ್ತಿರುವುದು ಒಂದೇ ತೊಂದರೆಯಲ್ಲ, ಎರಡೋ ಮೂರೋ ಬೇರೆ ಬೇರೆ ತೊಂದರೆಗಳು ಒಂದೇ ರಾತ್ರಿಯಲ್ಲಿ ಸೇರಿಕೊಂಡಿವೆ ಎಂದು ನನಗೆ ಅನ್ನಿಸುತ್ತದೆ.

ಮೊದಲನೆಯದು ಮೂತ್ರ. ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡಗಳು ಅದನ್ನು ಪೂರ್ತಿಯಾಗಿ ಹಿಂದಕ್ಕೆ ಹೀರಿಕೊಳ್ಳಲಾರವು. ಉಳಿದ ಸಕ್ಕರೆ ತನ್ನ ಜೊತೆಗೆ ನೀರನ್ನೂ ಎಳೆದುಕೊಂಡು ಹೊರಗೆ ಬರುತ್ತದೆ. ರಾತ್ರಿಯೂಟದ ನಂತರ ಸಕ್ಕರೆ 250ರ ಆಸುಪಾಸಿನಲ್ಲಿ ನಿಂತಿದ್ದರೆ ಮನುಷ್ಯ ಏಳಲೇಬೇಕು, ಎದ್ದಾಗ ಬಾಯಾರಿಕೆಯೆಂದು ನೀರು ಕುಡಿಯುತ್ತಾನೆ, ಮತ್ತೆ ಏಳುತ್ತಾನೆ. ಆದರೆ ಈ ವಯಸ್ಸಿನ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದ್ದರೂ ಹೀಗೆಯೇ ಆಗುತ್ತದೆ. ರಕ್ತದೊತ್ತಡದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿದ್ದು, ಅದನ್ನು ಸಂಜೆ ತೆಗೆದುಕೊಳ್ಳುತ್ತಿದ್ದರೂ ಹೀಗೆಯೇ ಆಗುತ್ತದೆ. ಆದ್ದರಿಂದ ಮಾತ್ರೆಯ ಹಾಳೆಯ ಮೇಲೆ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್ಥಾಲಿಡೋನ್ ಎಂಬ ಹೆಸರಿದೆಯೇ ನೋಡಿ.

ಎರಡನೆಯದು ಆ ಬೆವರು, ಮತ್ತು ನನಗೆ ಹೆಚ್ಚು ಆತಂಕವಾಗಿರುವುದು ಅದರ ಬಗ್ಗೆಯೇ. ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಮೇದೋಜ್ಜೀರಕದಿಂದ ಇನ್ಸುಲಿನ್ ಬಿಡುಗಡೆ ಮಾಡಿಸುತ್ತದೆ. ರಾತ್ರಿ ಊಟ ಕಡಿಮೆಯಾದರೂ ಅದು ತನ್ನ ಕೆಲಸ ನಿಲ್ಲಿಸುವುದಿಲ್ಲ. ಮೂತ್ರಪಿಂಡ ಸ್ವಲ್ಪ ಸೋತಿದ್ದರೆ ಔಷಧದ ಪ್ರಭಾವ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಬೆವರು, ನಡುಕ, ಎದೆ ಬಡಿತ, ದುಃಸ್ವಪ್ನ, ಬೆಳಿಗ್ಗೆ ತಲೆನೋವು ಇವೆಲ್ಲ ಬರುತ್ತವೆ. 54ಕ್ಕಿಂತ ಕೆಳಗಿಳಿದರೆ ಅದು ಅಪಾಯ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಅವರು ಹಾಗೆ ಬೆವೆತು ಎದ್ದ ಗಳಿಗೆಯಲ್ಲಿಯೇ ಬೆರಳು ಚುಚ್ಚಿ ನೋಡಿ, ಜೊತೆಗೆ ಬೆವರದ ಕೆಲವು ರಾತ್ರಿಗಳಲ್ಲಿಯೂ ಮೂರು ಗಂಟೆಗೆ ನೋಡಿ ಬರೆದಿಡಿ. ಬೆವೆತಾಗ ಸಕ್ಕರೆ ಸರಿಯಾಗಿಯೇ ಇದ್ದರೆ, ಆ ಎದೆ ಬಡಿತವನ್ನು ಹೃದಯದ ದೃಷ್ಟಿಯಿಂದ ಬೇಗನೆ ತೋರಿಸಬೇಕು. ಆ ಬರಹವಿಲ್ಲದೆ ದಯವಿಟ್ಟು ನಿದ್ದೆ ಮಾತ್ರೆಯನ್ನು ಮಾತ್ರ ಕೊಡಬೇಡಿ.

ಬಯಲುಸೀಮೆ (ಚಿತ್ರದುರ್ಗ)

ಸಿಸ್ಟರ್, ನನಗೆ ಇದು ಅರ್ಥವಾಗಲಿಲ್ಲ. ಬೆಳಿಗ್ಗೆ 180 ಬರುತ್ತಿದೆ ಎಂದು ಅವರೇ ಬರೆದಿದ್ದಾರೆ. ಬೆಳಿಗ್ಗೆ ಹೆಚ್ಚಿದ್ದರೆ ರಾತ್ರಿಯ ಮಾತ್ರೆ ಸಾಲುತ್ತಿಲ್ಲ ಎಂದೇ ಅಲ್ಲವೇ ಅರ್ಥ? ನನ್ನ ಅಣ್ಣನಿಗೆ ಇದೇ ರೀತಿ ಆದಾಗ ವೈದ್ಯರು ಪ್ರಮಾಣ ಏರಿಸಿದರು, ಸರಿಹೋಯಿತು.

ನೀಲಿಶಾಯಿ (ಮೈಸೂರು)

ಬಯಲುಸೀಮೆ ಅವರೇ, ಅಲ್ಲಿಯೇ ತೊಡಕಿರುವುದು. ರಾತ್ರಿ ಸಕ್ಕರೆ ಇಳಿದಾಗ ದೇಹ ತನ್ನ ರಕ್ಷಣೆಗೆ ಯಕೃತ್ತಿನಿಂದ ಸಕ್ಕರೆ ಹೊರಬಿಟ್ಟು, ಬೆಳಿಗ್ಗೆ ಅದು ಏರಿರುವಂತೆ ಮಾಡುತ್ತದೆ ಎಂದು ಮೈಕೆಲ್ ಸೊಮೋಗಿ ಎಂಬ ಜೀವರಸಾಯನ ವಿಜ್ಞಾನಿ 1930ರ ದಶಕದಲ್ಲಿ ವಾದಿಸಿದರು. ಅದಕ್ಕೆ ಸೊಮೋಗಿ ಪರಿಣಾಮ ಎನ್ನುತ್ತಾರೆ. ಅಂಥ ಸಂದರ್ಭದಲ್ಲಿ ಪ್ರಮಾಣ ಏರಿಸಿದರೆ ರಾತ್ರಿ ಇನ್ನಷ್ಟು ಇಳಿಯುತ್ತದೆ.

ವಾರ್ಡ್ ಸಿಸ್ಟರ್

ನೀಲಿಶಾಯಿ ಅವರೇ, ಇತಿಹಾಸ ಸರಿಯಾಗಿದೆ, ಆದರೆ ಒಂದು ತಿದ್ದುಪಡಿ ಬೇಕು. ರಾತ್ರಿಯಿಡೀ ಅಳೆಯುವ ಸೆನ್ಸರ್‌ಗಳು ಬಂದ ಮೇಲೆ ಆ ವಾದಕ್ಕೆ ಹಿಂದಿನಷ್ಟು ಬೆಂಬಲ ಉಳಿದಿಲ್ಲ. ರಾತ್ರಿ ಇಳಿದವರಲ್ಲಿ ಬಹಳ ಜನರಿಗೆ ಬೆಳಿಗ್ಗೆಯೂ ಕಡಿಮೆಯೇ ಇರುವುದು ಕಂಡುಬಂದಿದೆ. ಬೆಳಗಿನ ಏರಿಕೆಗೆ ಹೆಚ್ಚು ಸಾಮಾನ್ಯವಾದ ಕಾರಣ ಬೆಳಗಿನ ಜಾವದ ಹಾರ್ಮೋನುಗಳು. ಸುಮಾರು ಮೂರರಿಂದ ಎಂಟು ಗಂಟೆಯ ನಡುವೆ ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನು ಯಕೃತ್ತಿನಿಂದ ಸಕ್ಕರೆ ಬಿಡಿಸುತ್ತವೆ. ಇನ್ಸುಲಿನ್ ಸಾಕಷ್ಟಿಲ್ಲದವರಲ್ಲಿ ಅದು ಹಾಗೆಯೇ ಮೇಲಕ್ಕೆ ಹೋಗುತ್ತದೆ.

ಹೀಗಿರುವಾಗ ಒಬ್ಬರಿಗೆ ಬೇರೆ ಬೇರೆ ರಾತ್ರಿಗಳಲ್ಲಿ ಬೇರೆ ಬೇರೆ ಕಾರಣ ಇರಬಹುದು. ಅಂದರೆ ನಿಮ್ಮ ಅಣ್ಣನವರಿಗೆ ಏರಿಸಿದ್ದೂ ಸರಿಯಿರಬಹುದು, ಇವರ ಮಾವನವರಿಗೆ ಇಳಿಸಬೇಕಾಗಿಯೂ ಬರಬಹುದು. ಮೂರು ಗಂಟೆಯ ಸಂಖ್ಯೆ ಕಡಿಮೆಯಿದ್ದರೆ ಔಷಧ ಹೆಚ್ಚಾಗಿದೆ. ಮೂರಕ್ಕೆ ಸರಿಯಾಗಿದ್ದು ಏಳಕ್ಕೆ ಏರಿದ್ದರೆ ಬೆಳಗಿನ ಜಾವದ ಏರಿಕೆ. ಮಲಗುವಾಗಲೂ ಮೂರಕ್ಕೂ ಏಳಕ್ಕೂ ಹೆಚ್ಚೇ ಇದ್ದರೆ ಊಟ ಅಥವಾ ಔಷಧ ಹೊಂದುತ್ತಿಲ್ಲ. ಬೆಳಗಿನ ಒಂದೇ ಸಂಖ್ಯೆ ಈ ಮೂರನ್ನೂ ಬೇರ್ಪಡಿಸಿ ಹೇಳಲಾರದು.

ಕಾಫಿಹೂ (ಮಡಿಕೇರಿ)

ತೋಳಿಗೆ ಅಂಟಿಸುವ ಸೆನ್ಸರ್‌ನ್ನು ಎರಡು ವಾರಕ್ಕೆ ಹಾಕಿಸಿಕೊಂಡರೆ ರಾತ್ರಿಯ ಚಿತ್ರ ಪೂರ್ತಿ ಸಿಗುತ್ತದೆ, ಬೆರಳು ಚುಚ್ಚಿಸಿಕೊಳ್ಳಲು ಏಳಬೇಕಾಗಿಲ್ಲ. ಆದರೆ ಒಂದು ಎಚ್ಚರಿಕೆ ಹೇಳುತ್ತೇನೆ. ಸೆನ್ಸರ್ ಇರುವ ತೋಳಿನ ಮೇಲೆ ಮಗ್ಗುಲಾಗಿ ಮಲಗಿದರೆ ಅಲ್ಲಿನ ಅಂಗಾಂಶ ಒತ್ತಿಹೋಗಿ, ಸಕ್ಕರೆ ನಿಜವಾಗಿ ಇಳಿಯದಿದ್ದರೂ ಯಂತ್ರ ಕಡಿಮೆ ತೋರಿಸುತ್ತದೆ. ನನಗೆ ಒಂದು ರಾತ್ರಿ 52 ಎಂದು ತೋರಿಸಿತ್ತು, ಬೆರಳಿನಲ್ಲಿ ನೋಡಿದರೆ 110 ಇತ್ತು. ಹಾಗಾಗಿ ಯಂತ್ರದ ಸಂಖ್ಯೆಗೂ ಮೈಗೆ ಆಗುತ್ತಿರುವುದಕ್ಕೂ ಹೊಂದಾಣಿಕೆ ಕಾಣದಿದ್ದರೆ ಬೆರಳಿನ ಪರೀಕ್ಷೆಯನ್ನೇ ನಂಬಬೇಕು.

ಬಯಲುಸೀಮೆ

ಸೆನ್ಸರ್ ಎಂದರೆ ಸಾವಿರಾರು ರೂಪಾಯಿ. ಎರಡು ವಾರಕ್ಕೆ ಅಷ್ಟು ಕೊಡುವ ಶಕ್ತಿ ಎಲ್ಲರಿಗೂ ಇಲ್ಲ ಎಂಬುದನ್ನು ನೆನಪಿಟ್ಟು ಸಲಹೆ ಕೊಡಿ. ಗ್ಲುಕೋಮೀಟರಿನ ಪಟ್ಟಿಗೇ ಲೆಕ್ಕ ಹಾಕುವ ಮನೆಗಳು ನಮ್ಮ ಊರಿನಲ್ಲಿ ತುಂಬಾ ಇವೆ.

ಕಾಫಿಹೂ

ಒಪ್ಪುತ್ತೇನೆ. ಪಟ್ಟಿ ಕಡಿಮೆಯಿದ್ದರೆ ಬೆಳಿಗ್ಗೆ ಪ್ರತಿದಿನ ಖರ್ಚು ಮಾಡುವ ಬದಲು, ಅದರಲ್ಲಿಯೇ ಕೆಲವನ್ನು ಮೂರು ಗಂಟೆಗೆಂದು ಉಳಿಸಿಕೊಳ್ಳಬಹುದು. ಬೆವೆತು ಎದ್ದಾಗ ಮಾತ್ರ ಕಡ್ಡಾಯವಾಗಿ ನೋಡಬೇಕು.

ಎಚ್ಚರದ ಅಮ್ಮ (ಹುಬ್ಬಳ್ಳಿ)

ನಿದ್ದೆಯ ಮಾತು ಬಂದಾಗ ಕಾಯಿಲೆ ಇರುವವರ ನಿದ್ದೆಯನ್ನಷ್ಟೇ ಎಣಿಸುತ್ತೀರಿ, ನೋಡಿಕೊಳ್ಳುವವರದ್ದನ್ನು ಯಾರೂ ಎಣಿಸುವುದಿಲ್ಲ. ನನ್ನ ಮಗನಿಗೆ ಟೈಪ್ 1 ಮಧುಮೇಹ, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಬಗೆ. ಏಳನೆಯ ವಯಸ್ಸಿಗೆ ಬಂದದ್ದು, ಈಗ ಹೈಸ್ಕೂಲಿನಲ್ಲಿದ್ದಾನೆ. ಅವನು ಸಂಜೆ ಕಬಡ್ಡಿ ಆಡಿ ಬಂದ ದಿನ ಸಕ್ಕರೆ ಆಗಲೇ ಇಳಿಯುವುದಿಲ್ಲ. ಸ್ನಾಯುಗಳು ತಾವು ಖರ್ಚು ಮಾಡಿದ್ದನ್ನು ಗಂಟೆಗಟ್ಟಲೆ ತುಂಬಿಕೊಳ್ಳುತ್ತಿರುತ್ತವೆ, ಆದ್ದರಿಂದ ನಡುರಾತ್ರಿ ಕಳೆದ ಮೇಲೆ ಇಳಿಯುತ್ತದೆ. ಮಲಗುವಾಗ 150 ಇತ್ತು ಎಂದು ನಿಶ್ಚಿಂತೆಯಿಂದ ಮಲಗಿದರೆ ಎರಡು ಗಂಟೆಗೆ ಅವನು ಅರೆಪ್ರಜ್ಞೆಯಲ್ಲಿ ಏನೇನೋ ಕನವರಿಸುತ್ತಿರುತ್ತಾನೆ. ಹಾಗಾಗಿ ಆಟದ ದಿನ ರಾತ್ರಿಯ ಇನ್ಸುಲಿನ್ ಸ್ವಲ್ಪ ಇಳಿಸುವುದನ್ನೂ ಮಲಗುವ ಮುನ್ನ ಒಂದಿಷ್ಟು ತಿನ್ನಿಸುವುದನ್ನೂ ವೈದ್ಯರು ಲೆಕ್ಕ ಹಾಕಿ ಕಲಿಸಿಕೊಟ್ಟಿದ್ದಾರೆ.

ಮೊದಲು ಎನ್‌ಪಿಎಚ್ ಇನ್ಸುಲಿನ್ ಹಾಕುತ್ತಿದ್ದಾಗ, ಅದು ನಡುರಾತ್ರಿಯಲ್ಲಿಯೇ ಹೆಚ್ಚು ಬಿರುಸಾಗಿ ಕೆಲಸ ಮಾಡುವುದರಿಂದ, ನಾನು ಅಲಾರಂ ಇಟ್ಟುಕೊಂಡೇ ಮಲಗಬೇಕಾಗಿತ್ತು. ದಿನವಿಡೀ ಒಂದೇ ಸಮನೆ ಕೆಲಸ ಮಾಡುವ ಡೆಗ್ಲುಡೆಕ್ ಎಂಬ ಇನ್ಸುಲಿನ್‌ಗೆ ಬದಲಾಯಿಸಿದ ಮೇಲೆ ರಾತ್ರಿಯ ಇಳಿತ ಕಡಿಮೆಯಾಯಿತು. ಆದರೂ ನನಗೆ ನಿದ್ದೆ ಮರಳಿ ಬರಲಿಲ್ಲ. ಮಗು ಚೆನ್ನಾಗಿ ಉಸಿರಾಡುತ್ತಿದೆಯೇ ಎಂದು ಕತ್ತಲೆಯಲ್ಲಿ ಹಣೆ ಮುಟ್ಟಿ ನೋಡುವ ಅಭ್ಯಾಸ ದೇಹಕ್ಕೆ ಹತ್ತಿಹೋಗಿದೆ. ಈಗ ನಮ್ಮ ಮನೆಯವರೂ ನಾನೂ ರಾತ್ರಿಗಳನ್ನು ಹಂಚಿಕೊಂಡಿದ್ದೇವೆ. ಅವರ ಸರದಿಯ ದಿನ ನಾನು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತೇನೆ. ಇಂಥ ಮಕ್ಕಳಿರುವ ತಾಯಂದಿರಿಗೆ ಇದನ್ನು ಒತ್ತಿ ಹೇಳುತ್ತೇನೆ: ರಾತ್ರಿಯ ಕೆಲಸವನ್ನು ಒಬ್ಬರೇ ಹೊರಬಾರದು, ಮತ್ತು ಅಪ್ಪಂದಿರು ಇನ್ಸುಲಿನ್ ಲೆಕ್ಕ ಕಲಿಯಲೇಬೇಕು.

ತುಂಗಾತೀರ

ಅಕ್ಕ, ನಿಮ್ಮ ಬರಹ ಓದಿ ಅತ್ತೆಯವರ ನೆನಪಾಯಿತು. ಮಾವನವರ ಪಕ್ಕದಲ್ಲಿ ಮಲಗುವವರು ಅವರೇ. ಅವರ ನಿದ್ದೆಯ ಬಗ್ಗೆ ನಾವಾರೂ ಕೇಳಿರಲಿಲ್ಲ.

ಮೂರು ಫೇಸ್ (ಮಂಡ್ಯ ಜಿಲ್ಲೆ)

ನಮ್ಮಂಥವರ ವಿಷಯವನ್ನೂ ಸ್ವಲ್ಪ ಕೇಳಿ. ನನಗೆ ಇನ್ಸುಲಿನ್ ಇದೆ, ಬೆಳಿಗ್ಗೆ ಮತ್ತು ರಾತ್ರಿ. ಪಂಪ್‌ಸೆಟ್‌ಗೆ ತ್ರೀ ಫೇಸ್ ವಿದ್ಯುತ್ ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿಯ ವಾರ ಒಂದು ಗಂಟೆಗೋ ಎರಡು ಗಂಟೆಗೋ ಎದ್ದು ಗದ್ದೆಗೆ ಹೋಗಿ ನೀರು ತಿರುಗಿಸಬೇಕು. ಎಂಟು ಗಂಟೆಗೆ ಊಟ ಮಾಡಿ ಇನ್ಸುಲಿನ್ ಹಾಕಿಕೊಂಡು, ನಿದ್ದೆಯ ನಡುವೆ ಎದ್ದು ಕೆಸರಿನಲ್ಲಿ ಗುದ್ದಲಿ ಹಿಡಿದು ಓಡಾಡಿದರೆ ಒಮ್ಮೊಮ್ಮೆ ಕಣ್ಣು ಕತ್ತಲೆ ಕಟ್ಟಿ ಬದುವಿನ ಮೇಲೆ ಕೂರಬೇಕಾಗುತ್ತದೆ. ಸುತ್ತ ಯಾರೂ ಇರುವುದಿಲ್ಲ. ಮೊದಮೊದಲು ಹಾವಿನ ಭಯಕ್ಕೆ ಟಾರ್ಚು ಒಯ್ಯುತ್ತಿದ್ದೆ. ಈಗ ಜೇಬಿನಲ್ಲಿ ಗ್ಲುಕೋಸ್ ಪುಡಿಯ ಪೊಟ್ಟಣವನ್ನೂ ಒಯ್ಯುತ್ತೇನೆ. ರಾತ್ರಿ ಪಾಳಿಯ ವಾರಕ್ಕೆ ಇನ್ಸುಲಿನ್ ಹೇಗೆ ಹೊಂದಿಸಬೇಕು ಎಂದು ಕೇಳಲು ನನಗೂ ಹೊಳೆದಿರಲಿಲ್ಲ, ವೈದ್ಯರಿಗೂ ನಾನು ರಾತ್ರಿ ಗದ್ದೆಗೆ ಹೋಗುವುದು ಗೊತ್ತಿರಲಿಲ್ಲ. ಹೇಳಿದ ಮೇಲೆ ಆ ವಾರಕ್ಕೆ ಬೇರೆ ಪ್ರಮಾಣ ಬರೆದುಕೊಟ್ಟರು, ಹೊರಡುವ ಮುಂಚೆ ಏನಾದರೂ ತಿಂದು ಹೋಗಲು ಹೇಳಿದರು.

ಬಯಲುಸೀಮೆ

ಅಣ್ಣ, ಮೂಲ ತೊಂದರೆ ವಿದ್ಯುತ್ತಿನ ವೇಳಾಪಟ್ಟಿಯದು. ಹಗಲಿನಲ್ಲಿಯೇ ವಿದ್ಯುತ್ ಕೊಟ್ಟರೆ ಅರ್ಧ ಹಳ್ಳಿಗೆ ನಿದ್ದೆ ಬರುತ್ತದೆ, ಹಾವು ಕಡಿದು ಸಾಯುವವರೂ ಕಡಿಮೆಯಾಗುತ್ತಾರೆ. ಸೋಲಾರ್ ಪಂಪ್‌ಸೆಟ್‌ಗೆ ಅರ್ಜಿ ಹಾಕಿದವರ ಅನುಭವ ಯಾರಿಗಾದರೂ ಇದೆಯೇ?

ನಿರ್ವಾಹಕರು

ಸೋಲಾರ್ ಪಂಪ್‌ಸೆಟ್‌ನ ಚರ್ಚೆಯನ್ನು ಕೃಷಿ ವಿಭಾಗದಲ್ಲಿ ಮುಂದುವರಿಸಬೇಕಾಗಿ ವಿನಂತಿ. ಇಲ್ಲಿ ನಿದ್ದೆಯ ವಿಷಯ ಮಾತ್ರ ಇರಲಿ.

ಚೌಕಿಮನೆ (ಉಡುಪಿ)

ಮೂರು ಫೇಸ್ ಅವರ ಮಾತಿಗೆ ನನ್ನದನ್ನೂ ಸೇರಿಸುತ್ತೇನೆ. ನಾನು ಯಕ್ಷಗಾನ ಮೇಳದಲ್ಲಿ ವೇಷಧಾರಿ. ಈಗ ಅನೇಕ ಮೇಳಗಳು ಕಾಲಮಿತಿಗೆ ಹೊರಳಿವೆಯಾದರೂ, ನಾವು ಬೆಳಗಿನವರೆಗೆ ಕುಣಿದ ಕಾಲದಲ್ಲಿ ಈ ಕಾಯಿಲೆ ಅಂಟಿಕೊಂಡಿತು. ತಿರುಗಾಟದ ಆರು ತಿಂಗಳು ಹಗಲು ನಿದ್ದೆ, ಮಳೆಗಾಲದಲ್ಲಿ ರಾತ್ರಿ ನಿದ್ದೆ. ದೇಹಕ್ಕೆ ಯಾವುದು ಹಗಲು ಎಂದೇ ತಿಳಿಯುವುದಿಲ್ಲ. ನನಗೆ ಉಪಯೋಗವಾದ ಮಾತೆಂದರೆ, ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನು ಗಡಿಯಾರಕ್ಕೆ ಕಟ್ಟದೆ ಊಟಕ್ಕೆ ಕಟ್ಟಬೇಕು ಎಂಬುದು. ಬೆಳಿಗ್ಗೆ ಏಳಕ್ಕೆ ಚೀಟಿಯಲ್ಲಿ ಬರೆದಿದೆ ಎಂದು ಮಾತ್ರೆ ನುಂಗಿ, ತಿಂಡಿ ತಿನ್ನದೆ ಮಲಗಿಬಿಟ್ಟರೆ ಅದು ನಿದ್ದೆಯಲ್ಲಿಯೇ ಸಕ್ಕರೆ ಇಳಿಸುತ್ತದೆ. ಆಟ ಮುಗಿದ ಮೇಲೆ ಹಗಲು ಮಲಗುವವರು ವೈದ್ಯರಿಗೆ ತಮ್ಮ ನಿಜವಾದ ದಿನಚರಿಯನ್ನು ಬರೆದುಕೊಟ್ಟು ಮಾತ್ರೆಯ ಹೊತ್ತು ಬದಲಿಸಿಕೊಳ್ಳಬೇಕು. ಪಾಳಿಯ ಮೇಲೆ ದುಡಿಯುವ ಬಸ್ ಚಾಲಕರಿಗೂ ಬೆಂಗಳೂರಿನ ಕಾಲ್ ಸೆಂಟರಿನ ಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ.

ನೀಲಿಶಾಯಿ

ಚೌಕಿಮನೆ ಅವರು ಹೇಳಿದ್ದರಲ್ಲಿ ಇನ್ನೊಂದು ದಿಕ್ಕೂ ಇದೆ. ಸಕ್ಕರೆ ನಿದ್ದೆಯನ್ನು ಕೆಡಿಸುವಂತೆಯೇ ಕೆಟ್ಟ ನಿದ್ದೆ ಸಕ್ಕರೆಯನ್ನು ಕೆಡಿಸುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ಈವ್ ವಾನ್ ಕಾಟರ್ ಮತ್ತು ಅವರ ಸಹೋದ್ಯೋಗಿಗಳು 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆರೋಗ್ಯವಂತರಾದ 11 ಯುವಕರನ್ನು ಸತತ ಆರು ರಾತ್ರಿ ತಲಾ ನಾಲ್ಕು ಗಂಟೆ ಮಾತ್ರ ಮಲಗಿಸಿ ನೋಡಿದರು. ಅಷ್ಟು ಕಡಿಮೆ ಅವಧಿಯಲ್ಲಿಯೇ ಅವರ ದೇಹ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಗಮನಾರ್ಹವಾಗಿ ಕುಸಿಯಿತು, ಸಂಜೆಯ ಕಾರ್ಟಿಸಾಲ್ ಏರಿತು. ಯಾವ ಕಾಯಿಲೆಯೂ ಇಲ್ಲದ ಹುಡುಗರ ಸ್ಥಿತಿಯೇ ಹೀಗಾದರೆ, ಈಗಾಗಲೇ ಮಧುಮೇಹ ಇರುವವರು ವರ್ಷಗಟ್ಟಲೆ ನಿದ್ದೆಗೆಟ್ಟಾಗ ಏನಾಗುತ್ತದೆ ಎಂದು ಯೋಚಿಸಬೇಕು. ಅಮೆರಿಕ ಮತ್ತು ಯುರೋಪಿನ ಮಧುಮೇಹ ಸಂಘಗಳು 2022ರಲ್ಲಿ ಒಟ್ಟಾಗಿ ಹೊರತಂದ ಮಾರ್ಗಸೂಚಿಯಲ್ಲಿ ಊಟ, ನಡಿಗೆಯ ಜೊತೆಗೆ ನಿದ್ದೆಯನ್ನೂ ಚಿಕಿತ್ಸೆಯ ಭಾಗವಾಗಿಯೇ ಸೇರಿಸಿವೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಅಂದಾಜಿಸಿದಂತೆ ನಮ್ಮ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ. ಇಷ್ಟು ಜನರಲ್ಲಿ ಎಷ್ಟು ಮಂದಿಯನ್ನು ವೈದ್ಯರು 'ರಾತ್ರಿ ನಿದ್ದೆ ಹೇಗಿದೆ' ಎಂದು ಕೇಳಿರಬಹುದು ಎಂಬುದೇ ನನ್ನ ಪ್ರಶ್ನೆ.

ಹಳೆಬೇರು

ಆರು ರಾತ್ರಿ ಹುಡುಗರ ಮೇಲೆ ಮಾಡಿದ ಪ್ರಯೋಗವನ್ನು ಮುದುಕರಿಗೆ ಹಚ್ಚುವುದು ಎಷ್ಟು ಸರಿ?

ನೀಲಿಶಾಯಿ

ಹಚ್ಚುತ್ತಿಲ್ಲ, ಸ್ವಾಮಿ. ಕಾರಣ ಮತ್ತು ಪರಿಣಾಮ ಎರಡೂ ದಿಕ್ಕಿಗೆ ಓಡುತ್ತವೆ ಎಂಬಷ್ಟನ್ನು ಮಾತ್ರ ಆ ಪ್ರಯೋಗದಿಂದ ಹೇಳಬಹುದು.

ಮಾಗಡಿರಸ್ತೆ (ಬೆಂಗಳೂರು)

ಯಾರೂ ಗೊರಕೆಯ ಮಾತು ಎತ್ತಲಿಲ್ಲವಲ್ಲ! ತುಂಗಾತೀರ ಅವರ ಮಾವನವರು ಮಧ್ಯಾಹ್ನ ಕೂತಲ್ಲೇ ತೂಕಡಿಸುತ್ತಾರೆ, ಬೆಳಿಗ್ಗೆ ತಲೆ ಭಾರ ಎನ್ನುತ್ತಾರೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುತ್ತಾರೆ. ಇದು ಅಕ್ಷರಶಃ ನನ್ನ ಕಥೆ. ನನಗೆ ಗೊರಕೆ ವಿಪರೀತವಿತ್ತು. ನಡುನಡುವೆ ಉಸಿರು ನಿಂತು, ಆಮೇಲೆ ಮುಳುಗಿ ಎದ್ದವನಂತೆ ಏದುಸಿರು ಎಳೆಯುತ್ತಿದ್ದೆನಂತೆ. ಅದನ್ನು ನೋಡಿದ್ದು ನನ್ನ ಹೆಂಡತಿ. ಉಸಿರು ಕಟ್ಟಿದಾಗಲೆಲ್ಲ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಒತ್ತಡದ ಹಾರ್ಮೋನುಗಳು ಹೊರಬರುತ್ತವೆ, ಅವು ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಏರಿಸುತ್ತವೆ. ಉಸಿರು ಕಟ್ಟುವ ಈ ತೊಂದರೆ ರಾತ್ರಿ ಮೂತ್ರವನ್ನೂ ಹೆಚ್ಚಿಸುತ್ತದೆ ಎಂಬುದು ನನಗೆ ಪರೀಕ್ಷೆಯ ನಂತರವೇ ತಿಳಿದದ್ದು.

ಟೈಪ್ 2 ಮಧುಮೇಹಕ್ಕೂ ನಿದ್ದೆಯಲ್ಲಿ ಉಸಿರು ಕಟ್ಟುವುದಕ್ಕೂ ಇರುವ ನಂಟಿನ ಬಗ್ಗೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2008ರಲ್ಲಿಯೇ ವೈದ್ಯರ ಗಮನ ಸೆಳೆದಿದೆ. ಪರೀಕ್ಷೆಗೆ ಒಂದು ರಾತ್ರಿ ತಂತಿಗಳನ್ನು ಅಂಟಿಸಿಕೊಂಡು ಮಲಗಬೇಕು, ಈಗ ಮನೆಯಲ್ಲಿಯೇ ಮಾಡುವ ಸರಳ ವಿಧಾನವೂ ಇದೆ. ನನಗೆ ಸಿಪ್ಯಾಪ್ ಯಂತ್ರ ಕೊಟ್ಟರು, ಅದು ಗಾಳಿಯನ್ನು ಒತ್ತಿ ಬಿಟ್ಟು ಉಸಿರಿನ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಮೂಗಿಗೆ ಮುಖವಾಡ ಕಟ್ಟಿಕೊಂಡು ಮಲಗಲು ಒಗ್ಗಿಕೊಳ್ಳುವುದು ಕಷ್ಟವಾಯಿತು, ಆದರೆ ಹಗಲಿನ ತೂಕಡಿಕೆ ಹೋಯಿತು. ಸಕ್ಕರೆ ಅದರಿಂದಲೇ ಬಹಳ ಇಳಿಯಿತು ಎಂದು ನಾನು ಹೇಳಲಾರೆ, ತೂಕ ಇಳಿಸಿದ್ದು ಅದಕ್ಕೆ ಹೆಚ್ಚು ನೆರವಾಯಿತು. ಕಾರು ಓಡಿಸುವಾಗ ಕಣ್ಣು ಮುಚ್ಚಿಹೋಗುವ ಭಯವಂತೂ ಈಗ ಇಲ್ಲ.

ಹಳೆಬೇರು

ಗೊರಕೆ ಹೊಡೆಯದ ಗಂಡಸು ನಮ್ಮ ವಂಶದಲ್ಲಿಯೇ ಇಲ್ಲ. ಗೊರಕೆ ಬಂದರೆ ಗಾಢ ನಿದ್ದೆ ಎಂದು ನಾವು ತಿಳಿದವರು.

ವಾರ್ಡ್ ಸಿಸ್ಟರ್

ಆ ತಿಳಿವಳಿಕೆಯಿಂದಲೇ ಎಷ್ಟೋ ಜನರ ತೊಂದರೆ ಹೊರಗೆ ಬರುವುದಿಲ್ಲ, ಅಜ್ಜ. ಬರೀ ಗೊರಕೆ ಬೇರೆ, ನಡುವೆ ಉಸಿರು ನಿಲ್ಲುವ ಗೊರಕೆ ಬೇರೆ. ಮಾಗಡಿರಸ್ತೆ ಅವರು ಒಳ್ಳೆಯ ಸಮಯದಲ್ಲಿ ನೆನಪಿಸಿದರು, ಏಕೆಂದರೆ ನಿದ್ದೆ ಮಾತ್ರೆಯ ವಿಷಯ ಇಲ್ಲಿಗೇ ಬಂದು ಸೇರುತ್ತದೆ. ಆಲ್‌ಪ್ರಜೋಲಾಂನಂಥ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸಿ ಉಸಿರು ಕಟ್ಟುವುದನ್ನು ಹೆಚ್ಚಿಸಬಹುದು. ಸಕ್ಕರೆ ಇಳಿದಾಗ ದೇಹ ಎಬ್ಬಿಸುವ ಆ ಬೆವರಿನ ಎಚ್ಚರವನ್ನೇ ಮಂಕು ಮಾಡಬಹುದು. ವಯಸ್ಸಾದವರು ಮಂಪರಿನಲ್ಲಿ ಎದ್ದು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ನಮ್ಮ ವಾರ್ಡಿಗೆ ಬಂದದ್ದನ್ನು ನಾನು ಮರೆಯಲಾರೆ. ಅಷ್ಟಕ್ಕೂ ಅವನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತೆಯೇ ಇಲ್ಲ.

ಸಂಬಾರ ಡಬ್ಬಿ (ಶಿರಸಿ)

ಇಂಗ್ಲಿಷ್ ಮಾತ್ರೆ ಬೇಡವೆಂದಾದರೆ ಬಿಸಿ ಹಾಲಿಗೆ ಜಾಯಿಕಾಯಿ ತೇಯ್ದು ಕೊಡಿ. ನಮ್ಮ ಅಜ್ಜಿ ಎಲ್ಲರಿಗೂ ಅದನ್ನೇ ಕೊಡುತ್ತಿದ್ದರು, ಚೆನ್ನಾಗಿ ನಿದ್ದೆ ಬರುತ್ತದೆ.

ಕಾಫಿಹೂ

ಚಿಟಿಕೆಯಷ್ಟಾದರೆ ತೊಂದರೆಯಿಲ್ಲ, ಆದರೆ ನಿದ್ದೆ ಬರಲಿಲ್ಲ ಎಂದು ಹೆಚ್ಚು ತೇಯುತ್ತ ಹೋದರೆ ಜಾಯಿಕಾಯಿ ವಿಷವಾಗುತ್ತದೆ; ತಲೆಸುತ್ತು, ವಾಂತಿ, ಭ್ರಮೆ ಬರುತ್ತವೆ. ಹಾಲಿನಲ್ಲಿಯೂ ಸಕ್ಕರೆಯ ಅಂಶ ಇದೆ, ಅದರ ಮೇಲೆ ಬೆಲ್ಲ ಹಾಕುವುದು ಬೇಡ. ಮುಖ್ಯವಾಗಿ, ಏಕೆ ಎಚ್ಚರವಾಗುತ್ತಿದೆ ಎಂಬುದು ತಿಳಿಯದೆ ಮಲಗಿಸುವ ಉಪಾಯ ಹುಡುಕಿದರೆ ಅದು ಮಾತ್ರೆಯಾದರೂ ಒಂದೇ, ಜಾಯಿಕಾಯಿಯಾದರೂ ಒಂದೇ.

ಅಂಗಾಲು (ಕಲಬುರಗಿ)

ನನ್ನ ನಿದ್ದೆ ಕೆಡಿಸುವುದು ಕಾಲು. ಹಗಲೆಲ್ಲ ಓಡಾಡುವಾಗ ಅಷ್ಟಾಗಿ ತಿಳಿಯುವುದಿಲ್ಲ, ಹಾಸಿಗೆಗೆ ಬಿದ್ದ ಕೂಡಲೇ ಅಂಗಾಲು ಉರಿ ಶುರುವಾಗುತ್ತದೆ. ಹೊದಿಕೆ ತಗುಲಿದರೂ ತಾಳಲಾಗುವುದಿಲ್ಲ, ತಣ್ಣನೆಯ ನೆಲದ ಮೇಲೆ ಪಾದ ಇಟ್ಟುಕೊಂಡು ಕೂರುತ್ತೇನೆ. ಸಕ್ಕರೆ ನರಗಳನ್ನು ಹಾಳು ಮಾಡಿದೆ ಎಂದು ವೈದ್ಯರು ಹೇಳಿದ್ದಾರೆ. ಪ್ರೆಗಾಬಾಲಿನ್ ಕೊಟ್ಟ ಮೇಲೆ ಉರಿ ಕಡಿಮೆಯಾಗಿದೆ, ಆದರೆ ಬೆಳಿಗ್ಗೆ ಮಂಪರು ಇರುತ್ತದೆ.

ವಾರ್ಡ್ ಸಿಸ್ಟರ್

ಅಂಗಾಲು ಅವರೇ, ಮೆಟ್‌ಫಾರ್ಮಿನ್ ಅನೇಕ ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದರೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿದ್ದೀರಾ? ಅದು ಬಿ12 ಹೀರಿಕೆಯನ್ನು ಕಡಿಮೆ ಮಾಡುತ್ತದೆ, ಸಸ್ಯಾಹಾರಿಗಳಾದರೆ ಕೊರತೆಯ ಸಾಧ್ಯತೆ ಇನ್ನೂ ಹೆಚ್ಚು, ಮತ್ತು ಆ ಕೊರತೆಯಿಂದಲೂ ಇಂಥದೇ ಉರಿ, ಜೋಮು ಬರುತ್ತವೆ. ಕಾಲು ಅಲ್ಲಾಡಿಸುತ್ತಲೇ ಇರಬೇಕು ಎನ್ನಿಸುವ ಚಡಪಡಿಕೆ ಇದ್ದರೆ ಕಬ್ಬಿಣದ ಅಂಶವನ್ನೂ ನೋಡಿಸಬೇಕು. ಮಂಪರಿನ ವಿಷಯ ವೈದ್ಯರಿಗೆ ಹೇಳಿ, ಪ್ರಮಾಣವನ್ನು ಅಥವಾ ಹೊತ್ತನ್ನು ಬದಲಿಸಲು ಆಗುತ್ತದೆ, ನೀವೇ ನಿಲ್ಲಿಸಬೇಡಿ. ಇನ್ನೊಂದು ಮಾತು ಎಲ್ಲರಿಗೂ: ಕಾಲು ಉರಿ, ನೋವು ಎಂದು ಬಿಸಿ ನೀರಿನಲ್ಲಿ ಪಾದ ಅದ್ದುವವರಿದ್ದಾರೆ. ನರ ಸೋತ ಕಾಲಿಗೆ ಬಿಸಿ ತಿಳಿಯುವುದಿಲ್ಲ, ಚರ್ಮ ಬೆಂದ ಮೇಲೆಯೇ ಕಾಣುವುದು. ಅಂಥ ಗಾಯ ಮಾಯದೆ ಬೆರಳು ಕತ್ತರಿಸಬೇಕಾಗಿ ಬಂದದ್ದನ್ನು ನೋಡಿದ್ದೇನೆ.

ಅಂಗಾಲು

ಬಿ12 ಮಾಡಿಸಿಲ್ಲ. ಈ ವಾರವೇ ಕೇಳುತ್ತೇನೆ.

ತುಂಗಾತೀರ

ಎಲ್ಲರಿಗೂ ಉತ್ತರಿಸಲು ತಡವಾಯಿತು, ಕ್ಷಮಿಸಿ. ನಿಮ್ಮ ಮಾತಿನಂತೆ ರಾತ್ರಿಯ ಸಂಖ್ಯೆಗಳನ್ನು ಬರೆದಿಟ್ಟೆವು. ಬೆವೆತು ಎದ್ದ ಒಂದು ರಾತ್ರಿ 58 ಇತ್ತು, ಇನ್ನೊಂದು ರಾತ್ರಿ 63. ಎರಡೂ ದಿನ ಅವರು ಹೊಟ್ಟೆ ಭಾರವೆಂದು ರಾತ್ರಿ ಬರೀ ಒಂದು ದೋಸೆ ತಿಂದು ಮಾತ್ರೆ ನುಂಗಿದ್ದರು. ಉಳಿದ ರಾತ್ರಿಗಳಲ್ಲಿ ಮೂರು ಗಂಟೆಗೆ 130ರ ಸುತ್ತ ಇದ್ದದ್ದು ಏಳು ಗಂಟೆಗೆ 170 ಆಗುತ್ತಿತ್ತು. ಆ ಹಾಳೆಯನ್ನು ವೈದ್ಯರ ಮುಂದಿಟ್ಟಾಗ ಅವರು ಬಹಳ ಹೊತ್ತು ನೋಡಿದರು, ನಾವು ಕೇಳುವ ಮೊದಲೇ ರಾತ್ರಿಯ ಗ್ಲಿಮೆಪಿರೈಡ್ ನಿಲ್ಲಿಸಿ, ಸಕ್ಕರೆಯನ್ನು ಅಷ್ಟಾಗಿ ಇಳಿಸದ ಬೇರೆ ಮಾತ್ರೆ ಬರೆದರು, ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯೇಟಿನಿನ್ ಪರೀಕ್ಷೆಗೆ ಬರೆದರು. ರಕ್ತದೊತ್ತಡದ ಮಾತ್ರೆಯಲ್ಲಿ ಕ್ಲೋರ್ಥಾಲಿಡೋನ್ ಇತ್ತು, ಅದನ್ನು ಬೆಳಿಗ್ಗೆಗೆ ಬದಲಿಸಿದರು. ಪ್ರಾಸ್ಟೇಟ್ ಸ್ಕ್ಯಾನ್ ಇನ್ನೂ ಆಗಬೇಕು. ಮೂತ್ರಕ್ಕೆ ಏಳುವುದು ಪೂರ್ತಿ ನಿಂತಿಲ್ಲ, ಆದರೆ ಬೆವರು ಮತ್ತೆ ಬಂದಿಲ್ಲ. ಗೊರಕೆಯ ಬಗ್ಗೆ ಅತ್ತೆಯವರನ್ನು ಕೇಳಿದೆ. ಉಸಿರು ನಿಲ್ಲುವುದನ್ನು ಕಂಡಿಲ್ಲ ಎಂದರು.

ಹಳೆಬೇರು

ಒಳ್ಳೆಯದಾಯಿತು ತಾಯಿ. ಆದರೆ ನನ್ನ ಮಾತನ್ನು ಇನ್ನೊಂದು ರೀತಿಯಲ್ಲಿ ಇಡುತ್ತೇನೆ. ಈ ವಯಸ್ಸಿನವರ ಸಕ್ಕರೆಯನ್ನು ಯುವಕರಷ್ಟು ಬಿಗಿಯಾಗಿ ಹಿಡಿಯುವ ಹಟ ಏಕೆ? ಬಿಗಿ ಹಿಡಿದದ್ದಕ್ಕೇ ಅಲ್ಲವೇ ರಾತ್ರಿ ಇಳಿದದ್ದು?

ವಾರ್ಡ್ ಸಿಸ್ಟರ್

ಇದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಬೇರೆ ಕಾಯಿಲೆಗಳೂ ಇರುವ ವಯಸ್ಸಾದವರಿಗೆ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇಕಡಾ 8ಕ್ಕಿಂತ ಕಡಿಮೆ ಇದ್ದರೆ ಸಾಕು ಎಂದು ಅಮೆರಿಕದ ಮಧುಮೇಹ ಸಂಘವೇ ಹೇಳುತ್ತದೆ. 6.5ಕ್ಕೆ ತಂದೇ ತೀರುತ್ತೇವೆಂದು ಹಟ ಹಿಡಿದು ಅವರ ರಾತ್ರಿಗಳನ್ನು ಅಪಾಯಕ್ಕೆ ಒಡ್ಡುವುದು ಸರಿಯಲ್ಲ.

ಎಚ್ಚರದ ಅಮ್ಮ

ಹೊಸಬರು ಓದುತ್ತಿದ್ದರೆ ಅವರಿಗಾಗಿ ಇದನ್ನು ಬರೆದಿಡುತ್ತೇನೆ. ರಾತ್ರಿ 70ಕ್ಕಿಂತ ಕಡಿಮೆ ಬಂದರೆ ಮೂರು ಟೀ ಚಮಚ ಗ್ಲುಕೋಸ್ ಅಥವಾ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ಕುಡಿಸಿ, ಏರಿದ ಮೇಲೆ ಏನಾದರೂ ತಿನ್ನಿಸಿ ಮಲಗಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರಿನ ಕೊಳವೆಗೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಕಡಲದೀಪ (ಭಟ್ಕಳ)

ನನ್ನದೊಂದು ಪ್ರಶ್ನೆ. ರಂಜಾನ್ ತಿಂಗಳಲ್ಲಿ ರಾತ್ರಿ ತರಾವೀಹ್ ನಮಾಜು ಮುಗಿಸಿ ಮಲಗುವುದು ತಡ, ಸಹರಿಗೆ, ಅಂದರೆ ಉಪವಾಸಕ್ಕೆ ಮುಂಚಿನ ಬೆಳಗಿನ ಜಾವದ ಊಟಕ್ಕೆ, ಏಳುವುದು ಬೇಗ. ನಿದ್ದೆ ಎರಡು ತುಂಡಾಗುತ್ತದೆ. ತಾಯಿಯವರು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ, ಉಪವಾಸ ಬಿಡಲು ಒಪ್ಪುವುದಿಲ್ಲ. ಅವರಿಗೆ ಹೇಗೆ ಹೊಂದಿಸಬೇಕು?

ವಾರ್ಡ್ ಸಿಸ್ಟರ್

ರಂಜಾನ್‌ಗೆ ಆರರಿಂದ ಎಂಟು ವಾರ ಮೊದಲೇ ವೈದ್ಯರಿಗೆ ತೋರಿಸಿ. ಸಾಮಾನ್ಯವಾಗಿ ದಿನದ ಮುಖ್ಯ ಮಾತ್ರೆಯನ್ನು ಸಂಜೆ ಉಪವಾಸ ಬಿಡುವ ಇಫ್ತಾರಿಗೆ ಸರಿಸುತ್ತಾರೆ, ಸಹರಿಯದನ್ನು ಇಳಿಸುತ್ತಾರೆ, ಅಥವಾ ಔಷಧವನ್ನೇ ಬದಲಿಸುತ್ತಾರೆ. ನಿದ್ದೆ ಸಾಲದು ಎಂದು ಸಹರಿಗೆ ಏಳದೆ, ಹಿಂದಿನ ರಾತ್ರಿಯ ಊಟದ ಮೇಲೆಯೇ ಉಪವಾಸ ಹಿಡಿಯುವುದು ಬೇಡ. ಸಹರಿಯನ್ನು ಆದಷ್ಟು ಕೊನೆಯ ಹೊತ್ತಿಗೆ ಮಾಡಿ, ಕಳೆದ ನಿದ್ದೆಯನ್ನು ಮಧ್ಯಾಹ್ನ ತುಂಬಿಕೊಳ್ಳಲಿ. ಆದರೆ ಮಧ್ಯಾಹ್ನ ಮಲಗಿದಾಗ ಮನೆಯಲ್ಲಿ ಒಬ್ಬರು ಗಮನವಿಟ್ಟಿರಬೇಕು, ಇಳಿದದ್ದನ್ನು ದಣಿವಿನ ನಿದ್ದೆಯೆಂದು ತಿಳಿಯುವ ಸಾಧ್ಯತೆ ಇದೆ. ಬೆರಳು ಚುಚ್ಚಿ ನೋಡಿದರೆ ಉಪವಾಸ ಮುರಿಯುವುದಿಲ್ಲ ಎಂದು ಧಾರ್ಮಿಕ ವಿದ್ವಾಂಸರೂ ವೈದ್ಯರೂ ಸೇರಿ ಹೇಳಿದ್ದಾರೆ. 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಆಗಲೇ ಉಪವಾಸ ಬಿಡಬೇಕು.

ಕಡಲದೀಪ

ಬೆರಳು ಚುಚ್ಚುವ ವಿಷಯಕ್ಕೇ ಅಮ್ಮ ಹಟ ಹಿಡಿಯುತ್ತಿದ್ದರು. ನಮ್ಮ ಮಸೀದಿಯ ಮೌಲ್ವಿಗಳಿಂದಲೂ ಹೇಳಿಸುತ್ತೇನೆ.